ಇಡ್ವಲ್ ಬೆವನ್‌ನನ್ನು ಊಟಕ್ಕೆ ಕರೆದದ್ದು

ಇಡ್ವಲ್ ಬೆವನ್ ಯುದ್ಧದಲ್ಲಿ ಸತ್ತಿಲ್ಲ, ಕದ್ದುಮುಚ್ಚಿ ಇಂಗ್ಲೆಂಡಿನ ಉತ್ತರಕ್ಕೆ ಹೋಗಿ ಕೂಲಿಗೆ ರಗ್ಬಿ ಆಡುತ್ತಿದ್ದಾನೆ ಎಂದು ನಮ್ಮ ಕ್ವಮಾರ್ಥ್ ಕಣಿವೆ ತೀರ್ಮಾನ ಮಾಡಿದ್ದು ನನ್ನ ಅಂಗಡಿಯಲ್ಲಿ. ಯುದ್ಧ ಮುಗಿದ ಮರುವರ್ಷದ ಚಳಿಗಾಲ ಅದು. ನಾನು ಕರಿದ ಮೀನು, ಕರಿದ ಆಲೂಗಡ್ಡೆ ಮಾರುವವಳು. ಹೆಸರು ಬ್ಲಾಡ್ವೆನ್, ಊರಿನವರ ಬಾಯಲ್ಲಿ ಮೀನಿನ ಬ್ಲಾಡ್ವೆನ್. ವೇಲ್ಸಿನಲ್ಲಿ ಒಂದು ಬೀದಿಗೆಲ್ಲ ಒಂದೇ ಹೆಸರಿರುತ್ತದೆ, ಹಾಗಾಗಿ ಕಸುಬನ್ನು ಮುಂದೆ ಅಂಟಿಸದೆ ಗತಿಯಿಲ್ಲ. ಬಾಣಲೆಯಲ್ಲಿ ಕೊಬ್ಬು ಕಾಯುವ ತನಕ ಸಾಲಿನಲ್ಲಿ ನಿಂತವರು ಸುಮ್ಮನಿರುತ್ತಾರೆಯೇ? ಅಲ್ಲಿ ಇಲ್ಲದವರ ವಿಷಯ ಎತ್ತುತ್ತಾರೆ. ಕೇಳಿ ಕೇಳಿ ನಾನು ಯಾರನ್ನೂ ಸುಲಭಕ್ಕೆ ನಂಬದವಳಾಗಿದ್ದೇನೆ.

ಅವತ್ತು ಸುದ್ದಿ ತಂದವನು ಸೈಲಾಸ್. ರೈಲು ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ ಅವನದು, ಊರೂರು ತಿರುಗುತ್ತಾನೆ.

"ಬ್ಲಾಡ್ವೆನ್, ಆ ಜಾಲರಿ ಸೌಟು ಕೆಳಗಿಡು ಮೊದಲು. ನಾನು ಇಡ್ವಲ್‌ನ ನೋಡ್ದೆ" ಎಂದ.

"ಯಾವ ಇಡ್ವಲ್‌ನ?"

"ವೇಲ್ಸ್ ತಂಡಕ್ಕೆ ಆಡಿ ಟೋಪಿ ಗೆದ್ದಿರೋ ಇಡ್ವಲ್‌ಗಳು ನಮ್ಮೂರಲ್ಲಿ ಎಷ್ಟು ಜನ ಇದಾರೆ ಮಾರಾಯ್ತಿ? ಮಾರ್ಗೆಡ್ ಮಗ. ಹ್ಯಾಲ್ಡನ್‌ಶಾ ಊರಲ್ಲಿ ಆಡ್ತಿದ್ದ. ಹದಿಮೂರು ಜನದ ಆಟ."

ಸಾಲಿನಲ್ಲಿ ನಿಂತವರೆಲ್ಲ ಸೈಲಾಸ್‌ನನ್ನು ಮುತ್ತಿಕೊಂಡರು.

ಹದಿಮೂರು ಜನದ ಆಟ ಎಂದರೆ ನಮ್ಮವರ ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ. ನಮ್ಮ ರಗ್ಬಿಯಲ್ಲಿ ಹದಿನೈದು ಜನ, ಮತ್ತು ಆಡಿದ್ದಕ್ಕೆ ಯಾರೂ ಕೈಚಾಚುವ ಹಾಗಿಲ್ಲ. ಇಂಗ್ಲೆಂಡಿನ ಉತ್ತರದ ಗಿರಣಿ ಊರುಗಳಲ್ಲಿ ಹದಿಮೂರು ಜನ ಕೂಲಿಗೆ ಆಡುತ್ತಾರೆ. ನಮ್ಮವನೊಬ್ಬ ಅಲ್ಲಿಯ ಮೈದಾನದಲ್ಲಿ ಒಂದೇ ಒಂದು ಸಲ ಕಾಲಿಟ್ಟರೂ ಸಾಕು, ಸಾಯುವ ತನಕ ಬಹಿಷ್ಕಾರ. ಆಡುವುದಿರಲಿ, ಕ್ಲಬ್ಬಿನ ಮನೆಯಲ್ಲಿ ಕೂತು ಒಂದು ಲೋಟ ಬಿಯರ್ ಕುಡಿಯುವುದಕ್ಕೂ ಬಿಡುವುದಿಲ್ಲ. ಅದಕ್ಕೇ ಹೋಗುವವರು ಮೊದಮೊದಲು ಕದ್ದು ಆಡಿ ನೋಡುತ್ತಾರೆ, ಅಲ್ಲಿಯ ಪತ್ರಿಕೆಗಳೂ ಹೆಸರು ಹಾಕದೆ 'ಹೊಸಬ' ಎಂದಷ್ಟೇ ಬರೆಯುತ್ತವೆ. ಗುಂಡುಟೋಪಿ ಹಾಕಿದ ಅಪರಿಚಿತ ಯಾರಾದರೂ ನಮ್ಮ ಕಣಿವೆಯಲ್ಲಿ ರೈಲಿಳಿದರೆ, ಆಟಗಾರರನ್ನು ಬಲೆಗೆ ಹಾಕಲು ಬಂದವನೆಂದು ಜನ ಹಿಂದೆ ಬೀಳುತ್ತಾರೆ. ಒಬ್ಬನನ್ನು ಹೊಳೆಗೆ ಎಸೆದಿದ್ದೂ ಉಂಟು. ಆಮೇಲೆ ನೋಡಿದರೆ ಅವನು ಬೈಬಲ್ ಮಾರುವವನಂತೆ, ಪಾಪ.

"ಮುಖ ನೋಡಿದ್ಯಾ?" ಎಂದು ನಾನು ಸೈಲಾಸ್‌ನನ್ನು ಹಿಡಿದು ಕೇಳಿದೆ.

"ಮುಖ ಎಲ್ಲಿ ಕಾಣತ್ತೆ? ಮೈಯೆಲ್ಲಾ ಕೆಸರು, ಮೇಲೊಂದು ಮೀಸೆ. ಪೇಪರಲ್ಲಿ ಹೊಸಬ ಅಂತ ಹಾಕಿದ್ರು. ಆದ್ರೆ ಆ ತಲೆ ತಿರುಗ್ಸೋದು ಇದ್ಯಲ್ಲ ಬ್ಲಾಡ್ವೆನ್! ಅದು ಭೂಮಿ ಮೇಲೆ ಇನ್ಯಾರಿಗೆ ಬರತ್ತೆ ಹೇಳು."

ಆ ತಲೆ ತಿರುಗಿಸುವುದು ಹುಟ್ಟಿದ್ದು ನನ್ನ ಕಣ್ಣೆದುರಿಗೇ.

ಇಡ್ವಲ್ ನನಗಿಂತ ಚಿಕ್ಕವನು, ನಮ್ಮ ಸಾಲಿನ ಕೊನೆಯ ಮನೆಯ ಹುಡುಗ. ಗಣಿಯ ಮಣ್ಣುಗುಡ್ಡೆ ಅವರ ಹಿತ್ತಲಿಗೆ ತಾಗಿಕೊಂಡೇ ಇದೆ. ಅವನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಗಣಿಯ ಚಾವಣಿ ಕುಸಿದು ಹೋದ. ತಾಯಿ ಮಾರ್ಗೆಡ್ ಊರವರ ಬಟ್ಟೆ ಒಗೆದು ಅವನನ್ನು ಸಾಕಿದಳು. ನನಗೆ ಅವಳು ನೆಂಟಳಲ್ಲ, ಆದರೆ ನಮ್ಮ ಕಡೆ ಹಿರಿಯ ಹೆಂಗಸರನ್ನೆಲ್ಲ ಬೋಪಾ ಎಂದೇ ಕರೆಯುವುದು, ಹಾಗಾಗಿ ಬೋಪಾ ಮಾರ್ಗೆಡ್. ಹಿತ್ತಲ ಬಯಲಿನಲ್ಲಿ ಹುಡುಗರು ಹಂದಿಯ ಮೂತ್ರಕೋಶ ಊದಿ ಚೆಂಡು ಮಾಡಿಕೊಂಡು ಆಡುತ್ತಿದ್ದರು. ಸಂಜೆ ಬೋಪಾ ದಿಬ್ಬದ ಮೇಲೆ ನಿಂತು "ಇಡ್ವಾ...ಲ್! ಊಟಕ್ಕೆ ಬಾರೋ!" ಎಂದು ಕೂಗಿದರೆ ಕಣಿವೆಯ ಆ ಬದಿಗೆ ಕೇಳಿಸಬೇಕು. ಚೆಂಡು ಕೈಯಲ್ಲಿದ್ದ ಇಡ್ವಲ್ ತಲೆ ತಿರುಗಿಸುತ್ತಿದ್ದ. ಅವನನ್ನು ಹಿಡಿಯಲು ಬಂದವರೂ ಯಾರಮ್ಮ ಕರೆದಳು ಎಂದು ಆ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ಇವನು ಎಡಗಾಲು ಒತ್ತಿ ಬಲಕ್ಕೆ ಹಾರಿ ಪರಾರಿ.

ಬರಬರುತ್ತಾ ತಾಯಿ ಕರೆಯದಿದ್ದರೂ ಅವನು ತಿರುಗಿಸುವುದನ್ನು ಕಲಿತ. ಹೊತ್ತು ಹುಟ್ಟುವ ಮುಂಚೆ ಗಣಿಗಿಳಿದು, ಮುಳುಗುವ ಹೊತ್ತಿಗೆ ಮೇಲೆ ಬಂದು, ಶನಿವಾರ ಮಾತ್ರ ಬೆಳಕು ಕಾಣುವ ಹುಡುಗ ಅವನು. ಆ ಶನಿವಾರದ ಬೆಳಕಿನಲ್ಲೇ ವೇಲ್ಸ್ ತಂಡದ ತನಕ ಹೋದ. ಕಾರ್ಡಿಫ್‌ನ ದೊಡ್ಡ ಮೈದಾನದಲ್ಲಿ ಎತ್ತರೆತ್ತರದ ಇಂಗ್ಲಿಷರು ನಮ್ಮ ಬೋಪಾ ಕರೆದಳೆಂದು ಪಕ್ಕಕ್ಕೆ ನೋಡಿ ಬೇಸ್ತು ಬಿದ್ದದ್ದನ್ನು ನಾನು ಈ ಕಣ್ಣಾರೆ ಕಂಡಿದ್ದೇನೆ. ದೇಶಕ್ಕೆ ಆಡಿದವರಿಗೆ ಕೊಡುವ ಕೆಂಪು ಮಖಮಲ್ಲಿನ ಟೋಪಿಯನ್ನು ತಂದು ಅವನು ಕ್ಲಬ್ಬಿಗೇ ಕೊಟ್ಟ. ಅದು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಸೋಮವಾರ ಎಂದಿನಂತೆ ಗಣಿಗಿಳಿದ.

ಆದರೆ ಅವನಿಗೆ ಬಾಯಿರಲಿಲ್ಲ. ಗೆದ್ದರೂ ಮಾತಿಲ್ಲ, ಸೋತರೂ ಮಾತಿಲ್ಲ. ಕಮ್ಮಿ ಮಾತಿನವನ ಮೇಲೆ ನಮ್ಮ ಜನಕ್ಕೆ ಮೊದಲಿಂದಲೂ ಒಂದು ಕಣ್ಣು. ಅದರ ಮೇಲೆ ಯುದ್ಧದ ಮುಂಚಿನ ವಸಂತದಲ್ಲಿ ಗುಂಡುಟೋಪಿಯವನೊಬ್ಬ ಬೋಪಾ ಮನೆ ಬಾಗಿಲು ತಟ್ಟಿದ. ಇಡ್ವಲ್ ಅವನನ್ನು ಹೊಳೆಗೆ ಎಸೆಯಲಿಲ್ಲ, ಒಳಗೆ ಕೂರಿಸಿ ಟೀ ಕೊಟ್ಟ. ಆ ಒಂದು ಲೋಟ ಟೀಯನ್ನು ಊರು ಆರು ವರ್ಷ ಕುಡಿಯಿತು ಎನ್ನಿ.

ಆಮೇಲೆ ಯುದ್ಧ ಬಂತು, ಇಡ್ವಲ್ ಹೋದ. ಮೂರನೆಯ ವರ್ಷ ಕಾಣೆಯಾಗಿದ್ದಾನೆ ಎಂದು ತಂತಿ ಬಂತು. ಇನ್ನಷ್ಟು ತಿಂಗಳು ಬಿಟ್ಟು, ಸತ್ತನೆಂದು ಭಾವಿಸಲಾಗಿದೆ ಎಂದರು. ಭಾವಿಸಿದವರು ಯಾರು, ಎಲ್ಲಿ ಕೂತು ಭಾವಿಸಿದರು, ಒಬ್ಬರೂ ಹೇಳಲಿಲ್ಲ. ಹೆಣವಿಲ್ಲ, ಸಮಾಧಿಯಿಲ್ಲ, ಅಂಗಿಯ ಒಂದು ಗುಂಡಿಯೂ ಮನೆಗೆ ಬರಲಿಲ್ಲ. ಬೋಪಾ ಸುಮ್ಮನೆ ಬಟ್ಟೆ ಒಗೆಯುತ್ತಿದ್ದಳು.

ಸೈಲಾಸ್‌ನ ಸುದ್ದಿ ಅವಳ ಮನೆ ಮುಟ್ಟುವ ಮುಂಚೆ ಕ್ಲಬ್ಬನ್ನು ಮುಟ್ಟಿತು. ಕ್ಲಬ್ಬಿನ ಕಾರ್ಯದರ್ಶಿ ಹಾಪ್ಕಿನ್, ಶವದ ಪೆಟ್ಟಿಗೆ ಮಾಡುವವನು, ಪೆಟ್ಟಿಗೆ ಹಾಪ್ಕಿನ್. ಯುದ್ಧದಲ್ಲಿ ಸತ್ತ ಆಟಗಾರರ ಹೆಸರು ಕೆತ್ತಿಸಿ ಮೈದಾನದ ಬಾಗಿಲಲ್ಲಿ ಕಪ್ಪು ಕಲ್ಲೊಂದನ್ನು ನಿಲ್ಲಿಸಲು ಅವನು ಸಿದ್ಧತೆ ನಡೆಸಿದ್ದ. ಅವನ ಮಗ ಗೆಥಿನ್‌ನ ಹೆಸರೂ ಅದರಲ್ಲಿತ್ತು. ಕೆತ್ತುವವನಿಗೆ ಹೇಳಿ ಇಡ್ವಲ್‌ನ ಹೆಸರನ್ನು ತಡೆಸಿದ. ಮಾರನೆಯ ದಿನ ಗಾಜಿನ ಪೆಟ್ಟಿಗೆಯ ಟೋಪಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಬೋಪಾ ಮನೆಗೆ ಬಂದ. ನಾನು ಅಲ್ಲೇ ಇದ್ದೆ. ಬೇಕೆಂದೇ ಇದ್ದೆ.

"ಮಿಸೆಸ್ ಬೆವನ್, ಇದು ನಿಮ್ಮನೇಲೇ ಇರ್ಲಿ" ಎಂದ. "ಉತ್ತರಕ್ಕೆ ಹೋದೋನ ಟೋಪಿ ನಮಗೆ ಬೇಡ. ನನ್ನ ಮಗನ ಹೆಸರಿನ ಪಕ್ಕ ಅವನ ಹೆಸರು ಕೂರೋದೂ ಬೇಡ."

ಎಲ್ಲ ಕೇಳಿದ ಮೇಲೆ ಬೋಪಾ ಅಳುತ್ತಾಳೆ, ಇಲ್ಲವೆ ಬಟ್ಟೆ ಬಡಿಯುವ ಕೋಲು ತೆಗೆದುಕೊಳ್ಳುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಕುರ್ಚಿ ಹಿಡಿದುಕೊಂಡು ನಿಂತಳು. ಮುಖ ಅರಳಿತು.

"ಬದುಕಿದಾನಾ?" ಎಂದಳು.

"ನಾನು ಹೇಳ್ತಿರೋದು ನಿಮಗೆ ಅರ್ಥ ಆಗ್ತಿಲ್ಲ. ದ್ರೋಹ ಮಾಡಿದಾನೆ ಅವನು..."

"ಆಡ್ತಿದಾನೆ ಅಂದ್ರಲ್ಲ. ಅಂದ್ರೆ ಕಾಲು ನೆಟ್ಟಗಿವೆ. ಅಯ್ಯೋ ಹಾಪ್ಕಿನ್, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು. ಕೂತ್ಕೊಳ್ಳಿ, ಟೀ ಕುಡೀರಿ!"

ಪೆಟ್ಟಿಗೆ ಹಾಪ್ಕಿನ್ ಕೂರಲಿಲ್ಲ. ಅವನ ಮುಖವನ್ನು ನಾನು ನೋಡಬಾರದಿತ್ತು. ಊರಲ್ಲಿ ಸತ್ತವರಿಗೆಲ್ಲ ಪೆಟ್ಟಿಗೆ ಮಾಡಿದವನಿಗೆ ಸ್ವಂತ ಮಗನಿಗೆ ಒಂದನ್ನು ಮಾಡಲಾಗಲಿಲ್ಲ, ಆ ಹುಡುಗನ ಮೈಯೂ ಸಿಕ್ಕಿರಲಿಲ್ಲ. ಆದರೂ ಅವನ ಮೇಲಿನ ಸಿಟ್ಟು ನನಗೆ ಇಳಿಯಲಿಲ್ಲ.

ಬೋಪಾ ಮಾರ್ಗೆಡ್ ಅಂದಿನಿಂದ ಬೇರೆ ಹೆಂಗಸೇ ಆದಳು. ಇಡ್ವಲ್‌ನ ಅಂಗಿಗಳನ್ನು ಗಾಳಿಗೆ ಹಾಕಿದಳು. ಬೀದಿಯಲ್ಲಿ ಜನ ಮುಖ ತಿರುಗಿಸಿದರೆ ಅವರಿಗೇ ನಮಸ್ಕಾರ ಹೇಳಿದಳು. ಪ್ರಾರ್ಥನೆಯ ಮನೆಯಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರದಾದರು, ಆರಾಮಾಗಿ ಕಾಲು ಚಾಚಿಕೊಂಡಳು. ನನಗೆ ಮಾತ್ರ ಒಳಗೊಳಗೇ ಕೊರೆತ. ಬದುಕಿದ್ದರೆ ತಾಯಿಗೆ ಒಂದು ಮಾತು ತಿಳಿಸದೆ ಇರುತ್ತಾನೆಯೇ? ಕೊನೆಗೆ ಅವಳನ್ನೇ ಕೇಳಿದೆ.

"ಕಾಗದ ಹಾಕಿದ್ರೆ ಅಂಚೆಯವಳು ಊರು ಯಾವ್ದು ಅಂತ ನೋಡಲ್ವೇನೇ?" ಎಂದಳು ಬೋಪಾ. "ಜಾಣ ಕಣೇ ನನ್ನ ಮಗ."

"ಅವತ್ತು ಗುಂಡುಟೋಪಿಯವನಿಗೆ ಟೀ ಕೊಟ್ನಲ್ಲ, ಆಗ್ಲೇ ಮಾತಾಗಿತ್ತಾ?"

"ಮಳೆ ಬರ್ತಿತ್ತು. ಆ ಮನುಷ್ಯ ತೊಪ್ಪೆಯಾಗಿದ್ದ. ಟೀ ಕೊಟ್ಟೋಳು ನಾನು. ಇಡ್ವಲ್ ಬರಲ್ಲ ಅಂದ, ಅವನು ಕುಡಿದು ಹೋದ."

"ಹಂಗಾದ್ರೆ ಆಗ ಬರಲ್ಲ ಅಂದೋನು ಈಗ್ಯಾಕೆ ಹೋದ?"

ಬೋಪಾ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ನಾನು ಅವಳ ಮಗನನ್ನು ಕೊಲ್ಲಲು ಬಂದವಳೋ ಎಂಬ ಹಾಗೆ ನೋಡಿದಳು.

"ಹೋಗಿ ನೋಡ್ಕೊಂಡೇ ಬರೋಣ ಬಾ" ಎಂದಳು.

ಮೀನಂಗಡಿಗೆ ಬೀಗ ಹಾಕಿ ಹೊರಟೆ. ಬೋಪಾ ಕಾವಲಿಯ ಮೇಲೆ ಒಣದ್ರಾಕ್ಷಿ ಹಾಕಿದ ಸಿಹಿ ಬಿಲ್ಲೆಗಳನ್ನು ಸುಟ್ಟು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು, ಇಡ್ವಲ್‌ಗೆ. ಟೋಪಿಯನ್ನೂ ಕಟ್ಟಿಕೊಂಡಿದ್ದಳು. ರೈಲಿನಲ್ಲಿ ನನಗೆ ಒಂದೇ ಒಂದು ಬಿಲ್ಲೆ ಕೊಟ್ಟು ಗಂಟು ಬಿಗಿದಳು. ದಾರಿಯುದ್ದಕ್ಕೂ ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಅವನೇ ಆಗಿದ್ದರೆ ಮಗ ಸಿಗುತ್ತಾನೆ, ಹೆಸರು ಕಲ್ಲಿನಿಂದ ಹೋಗುತ್ತದೆ, ಅವನು ಊರಿಗೆ ಮುಖ ತೋರಿಸುವ ಹಾಗಿಲ್ಲ. ಅವನಲ್ಲದಿದ್ದರೆ ಹೆಸರು ಉಳಿಯುತ್ತದೆ, ಮಗ ಹೋಗುತ್ತಾನೆ. ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ಕಿಟಕಿಯಾಚೆ ನೋಡುತ್ತಾ ಕೂತೆ.

ಹ್ಯಾಲ್ಡನ್‌ಶಾ ಮೈದಾನ ಗಿರಣಿಯ ಗೋಡೆಗೆ ಅಂಟಿಕೊಂಡಿತ್ತು. ನಾವಿಬ್ಬರು ಹೆಂಗಸರು ಕಪ್ಪು ಶಾಲು ಹೊದ್ದು ಮುಂದಿನ ಕಂಬಿಯ ಹತ್ತಿರ ನಿಂತೆವು. ಅಲ್ಲಿಯವರೂ ನಮ್ಮನ್ನು ಅನುಮಾನದಿಂದಲೇ ನೋಡಿದರು, ನ್ಯಾಯವೇ. ಮಳೆ ಜಿನುಗುತ್ತಿತ್ತು. ಆಟಗಾರರೆಲ್ಲ ಒಂದೇ ಕೆಸರಿನ ಬಣ್ಣ. ಮೀಸೆಯವನೊಬ್ಬನ ಕೈಗೆ ಚೆಂಡು ಬಂತು. ಎದುರಿಗೆ ಗೂಳಿಯಂಥ ಇಬ್ಬರು. ಅವನು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಯಾರೋ ಕರೆದ ಹಾಗೆ ತಲೆ ತಿರುಗಿಸಿದ. ಇಬ್ಬರೂ ಆ ಕಡೆ ನೋಡಿದರು. ಎಡಗಾಲು ಒತ್ತಿ ಬಲಕ್ಕೆ ಹಾರಿದ, ಹೋದ.

ಬೋಪಾ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದಳು. "ನೋಡ್ದ್ಯೇನೇ! ಅವನೇ ಕಣೇ! ನನ್ನ ಕಂದ ಕಣೇ ಅದು!"

ಅನುಮಾನವನ್ನೇ ಉಂಡು ಬೆಳೆದ ನಾನೂ ನಂಬಿಬಿಟ್ಟೆ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ದ್ರೋಹವೋ ಗೀಹವೋ, ಹಾಳಾಗಿ ಹೋಗಲಿ ಊರು.

ಚೆಂಡು ಗೆರೆಯಾಚೆ ಹೋಗಿ ಆಟ ಒಂದು ಕ್ಷಣ ನಿಂತಿತು. ಬೋಪಾ ಕಂಬಿಯ ಕೆಳಗಿನ ಅಡ್ಡಪಟ್ಟಿಯ ಮೇಲೆ ಹತ್ತಿ, ಒಂದು ಕೈ ನನ್ನ ತಲೆಯ ಮೇಲೂರಿ, ಹಿತ್ತಲ ದಿಬ್ಬದಲ್ಲಿ ನಿಂತವಳಂತೆ ಕೂಗಿದಳು. "ಇಡ್ವಾ...ಲ್! ಊಟಕ್ಕೆ ಬಾರೋ!"

ಮೈದಾನವೆಲ್ಲ ಗೊಳ್ಳೆಂದಿತು. "ಯಾವಾಕಿ ರೀ ಈ ಮುದುಕಿ, ಆಟದಾಗ ಊಟಕ್ಕ ಕರಿಯಾಕತ್ಯಾಳ!" ಎಂದು ಹಿಂದೆ ಯಾರೋ ಅಂದರು. ಆ ಮೀಸೆಯವನು ಮಾತ್ರ ನಗಲಿಲ್ಲ. ಬೆಚ್ಚಿದ. ಆದರೆ ಬೋಪಾಳ ಕಡೆ ನೋಡಲಿಲ್ಲ. ತನ್ನ ಹಿಂದೆ ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಗುಂಪಿನಲ್ಲಿ ಒಂದೊಂದೇ ಮುಖ ನೋಡುತ್ತಾ ಹೋದ.

ಬೋಪಾಳ ಕೈ ನನ್ನ ತಲೆಯ ಮೇಲೆ ಸಡಿಲವಾಯಿತು. ಮೆಲ್ಲಗೆ ಕೆಳಗಿಳಿದಳು.

"ಅವನಲ್ಲ" ಎಂದಳು. "ನೋಡು, ಆ ಹುಡುಗನೂ ಇಡ್ವಲ್‌ನ ಹುಡುಕ್ತಿದಾನೆ."

ಆಟ ಮುಗಿದದ್ದೇ ಅವನು ಕೆಸರುಗಾಲಿನಲ್ಲೇ ಕಂಬಿಯ ಹತ್ತಿರ ಓಡಿಬಂದ. "ಇಡ್ವಲ್ ಅಂತ ಕರದೋರು ಯಾರ್ರೀ? ಎಲ್ಲದಾನ್ರೀ ಅಂವ? ಬಂದಾನೇನು?"

ಬೋಪಾ ಗಂಟನ್ನು ಎದೆಗೆ ಒತ್ತಿಕೊಂಡಳು. ಅವನು ಬೋಪಾಳ ಮುಖ ನೋಡಿದ, ಗಂಟು ನೋಡಿದ, ಶಾಲು ನೋಡಿದ.

"ನೀವು ಅವನ ಅವ್ವ ಏನ್ರಿ?"

ಹೆಸರು ವಿಲ್ಫ್ರೆಡ್ ಆಕ್ರಾಯ್ಡ್, ಉಣ್ಣೆ ಗಿರಣಿಯ ಕೆಲಸದವನು. ಯುದ್ಧದಲ್ಲಿ ಇಡ್ವಲ್‌ನ ಜೊತೆ ಒಂದೇ ತುಕಡಿಯಲ್ಲಿದ್ದವನು. ಫ್ಲಾಂಡರ್ಸ್‌ನ ಒಂದು ಗೆಡ್ಡೆ ಹೊಲದಲ್ಲಿ, ಮರಳುಚೀಲ ಸುತ್ತಿ ಚೆಂಡು ಮಾಡಿಕೊಂಡು ಇಡ್ವಲ್ ಇವನಿಗೆ ತಲೆ ತಿರುಗಿಸುವುದನ್ನು ಕಲಿಸಿದನಂತೆ.

"ನನಗ ಬರ್ತಿದ್ದಿಲ್ರೀ. ಸುಮ್ನ ಕುತ್ತಿಗಿ ತಿರುಗಿಸಿದ್ರ ಯಾರೂ ನಂಬಾಂಗಿಲ್ಲೋ, ನಿಮ್ಮವ್ವ ಖರೇನ ಕರದಾಳ ಅನ್ಕೋ ಅಂದ. ನನಗ ಅವ್ವ ಇಲ್ಲೋ, ಹಡದು ಸತ್ತಾಳ ಅಂದೆ. ಹಂಗಾರ ನಮ್ಮವ್ವನ್ನ ತಗೋ ಅಂದ. ಅವತ್ತಿಂದ ನಾ ನಿಮ್ಮನ್ನ ಕೇಳಿಸ್ಕೊಂತೀನ್ರೀ. ಹೆಂಗ ಕರೀತಾರ ಅಂತ ಅಂವ ಕೂಗಿ ತೋರಿಸಿದ್ದ. ಇವತ್ತು ಥೇಟ್ ಹಂಗ ಕೇಳಿಸ್ತು. ಅಂವ ಹೆಂಗರ ಉಳದಾನ, ಬಂದಾನ ಅಂತ ಎದಿ ಹೊಡ್ಕೊಂತು."

"ಉಳಿದಿದಾನಾ ಅನ್ನೋ ಅನುಮಾನ ನಿನಗೂ ಇತ್ತಾ?" ಎಂದು ಕೇಳಿದೆ. ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ?

ಅವನು ತಲೆ ಅಲ್ಲಾಡಿಸಿದ. "ಇಲ್ರೀ. ನಾ ಮುಂದ ನಿಂತು ನೋಡೇನಿ. ಗಾಯ ಆದವನೊಬ್ಬನ್ನ ಎತ್ಕೊಂಡ್ ಬರಾಕ ಹೋದ. ತೋಪಿನ ಗುಂಡು ಬಿತ್ತು. ಆಮ್ಯಾಲೆ ಅಲ್ಲೇನೂ ಇದ್ದಿಲ್ಲ. ಸಾಹೇಬ್ರಿಗೆ ಹೇಳ್ದೆ, ಹೆಣ ಇಲ್ಲದ ಸತ್ತಾನಂತ ಬರ್ಯಾಕ ಬರಾಂಗಿಲ್ಲ ಅಂದ್ರು."

"ನನ್ನ ಕರೆದನಾ?" ಎಂದಳು ಬೋಪಾ.

ವಿಲ್ಫ್ರೆಡ್ ಕೆಸರಿನ ಕೈಗಳನ್ನು ಚಡ್ಡಿಗೆ ಒರೆಸಿಕೊಂಡ. "ನಿಮ್ಮ ಮುಂದ ಸುಳ್ಳ್ ಹೇಳೂದಿಲ್ರೀ ಅವ್ವಾ. ಅಷ್ಟ್ ಹೊತ್ತ ಇರ್ಲಿಲ್ಲ."

ಬೋಪಾ ಗಂಟು ಬಿಚ್ಚಿದಳು. ಬಿಲ್ಲೆಗಳನ್ನು ಅವನ ಕೈಗೆ ಕೊಟ್ಟು, "ತಿನ್ನು" ಎಂದಳು. ಅವನು ಅಳುತ್ತಲೇ ತಿಂದ. ಟೋಪಿಯನ್ನು ಮಾತ್ರ ಅವಳು ಮತ್ತೆ ಕಟ್ಟಿಕೊಂಡಳು.

ವಾಪಸು ಬರುವಾಗ ನಾನು ಒಂದು ಮಾತು ಹೇಳಿದೆ, ಸರಿಯೋ ತಪ್ಪೋ. "ಬೋಪಾ, ಯಾರಿಗೂ ಹೇಳೋದು ಬೇಡ. ಅವನೇ ಅಂತ ಅಂದ್ಬಿಡೋಣ. ಊರು ಬೈಕೊಳ್ಳಲಿ, ಬೈಸ್ಕೊಂಡಾದ್ರೂ ಇರ್ಲಿ."

ಅವಳು ಟೋಪಿಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಅವಳಿಗೂ ಅದೇ ಆಸೆ ಇತ್ತೆಂಬುದು ನನಗೆ ಗೊತ್ತು. ಎರಡು ವಾರ ಬಾಗಿಲು ಹಾಕಿಕೊಂಡು ಕೂತಳು. ಅಂಗಡಿಗೆ ಬಂದವರೆಲ್ಲ ನನ್ನ ಬಾಯಿ ಬಿಡಿಸಲು ನೋಡಿದರು. "ಏನ್ ಬ್ಲಾಡ್ವೆನ್, ಇಡ್ವಲ್ ಮನೇಲಿ ಉಪಚಾರ ಚೆನ್ನಾಗಿತ್ತಾ?" ಎಂದು ಸೈಲಾಸ್ ಕೆಣಕಿದ. ಅವನ ಪೊಟ್ಟಣಕ್ಕೆ ಕರಕಲಾದ ಮೀನನ್ನೇ ಹಾಕಿದೆ.

ಮೂರನೆಯ ವಾರ ಕ್ಲಬ್ಬಿನಲ್ಲಿ ಸಭೆಯಿತ್ತು. ಹೆಂಗಸರು ಅದರ ಹೊಸ್ತಿಲು ದಾಟಿದ್ದು ಯಾವ ಕಾಲಕ್ಕೂ ಇಲ್ಲ. ಬೋಪಾ ನೇರ ಒಳಗೆ ಹೋದಳು, ಬೆನ್ನಿಗೆ ನಾನು. ಗಂಡಸರು ಲೋಟಗಳನ್ನು ಕೆಳಗಿಟ್ಟರು.

"ಆ ಆಟಗಾರ ನನ್ನ ಮಗ ಅಲ್ಲ. ಅವನ ಗೆಳೆಯ" ಎಂದಳು. "ನನ್ನ ಮಗ ಸತ್ತಿದಾನೆ. ಆ ಹುಡುಗ ಕಣ್ಣಾರೆ ನೋಡಿದಾನೆ. ಹೆಸರು ಹಾಕಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅನುಮಾನದ ಅದೇ ಹಳೆಯ ನೋಟ, ನನಗೆ ಗೊತ್ತಿಲ್ಲದ್ದೇ? ಕೊನೆಗೆ ಹಾಪ್ಕಿನ್ ಮಾತು ತೆಗೆದ.

"ಮಿಸೆಸ್ ಬೆವನ್, ತಪ್ಪು ತಿಳ್ಕೋಬೇಡಿ. ಉತ್ತರದೋನ ಮಾತು ನಾವು ಹೆಂಗೆ ನಂಬೋದು? ಅದೂ ಅಲ್ದೆ, ತಾಯಿ ಅಂದ್ಮೇಲೆ ಮಗನ ಮಾನ ಮುಚ್ಚೋಕೆ ಒಂದು ಮಾತು ಆಡೇ ಆಡ್ತಾಳೆ..."

"ಹಾಪ್ಕಿನ್" ಎಂದಳು ಬೋಪಾ. ದನಿ ಏರಿಸಲಿಲ್ಲ. "ಸುಳ್ಳು ಹೇಳೋ ಹಾಗಿದ್ರೆ ನಾನು ಅವನು ಬದುಕಿದಾನೆ ಅಂತಿದ್ದೆ. ಅಷ್ಟೇ ಅಂದಿದ್ರೆ ಸಾಕಿತ್ತು, ನೀವೆಲ್ಲ ಆಗ್ಲೇ ನಂಬಿದ್ರಿ. ನಿಮ್ಮ ಗೆಥಿನ್ ಉತ್ತರದಲ್ಲಿ ಕೂಲಿಗೆ ಆಡ್ತಿದಾನೆ ಅಂತ ನಾಳೆ ಯಾರಾದ್ರೂ ಬಂದು ಹೇಳಿದ್ರೆ, ನೀವು ಏನು ಮಾಡ್ತೀರಿ ಹೇಳಿ?"

ಹಾಪ್ಕಿನ್ ಎದ್ದು ನಿಂತ. ಏನೋ ಹೇಳಲು ಬಾಯಿ ತೆರೆದ. "ಮೊದಲ ರೈಲಿಗೇ ಹೋಗ್ತೀನಿ ಮಾರ್ಗೆಡ್" ಎಂದ. ಆಮೇಲೆ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಆ ದಿನದಿಂದ ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಹೋಯಿತು.

ವಸಂತದಲ್ಲಿ ಕಲ್ಲು ನಿಲ್ಲಿಸಿದರು. ಟೋಪಿಯನ್ನು ವಾಪಸು ಗಾಜಿನ ಪೆಟ್ಟಿಗೆಗೆ ಕೊಡಿ ಎಂದು ಹಾಪ್ಕಿನ್ನೇ ಮನೆಗೆ ಬಂದು ಕೇಳಿದ. ಬೋಪಾ ಅವನಿಗೆ ಟೀ ಕೊಟ್ಟಳು, ಟೋಪಿ ಕೊಡಲಿಲ್ಲ. ವಿಲ್ಫ್ರೆಡ್ ಹ್ಯಾಲ್ಡನ್‌ಶಾದಿಂದ ಬಂದಿದ್ದ. ಮೈದಾನದ ಬಾಗಿಲೊಳಗೆ ಕೂಲಿಗೆ ಆಡುವ ಅವನು ಕಾಲಿಡುವ ಹಾಗಿರಲಿಲ್ಲ, ನಿಯಮ ನಿಯಮವೇ, ಹೊರಗೆ ರಸ್ತೆಯಲ್ಲಿ ತನ್ನ ಟೋಪಿ ತೆಗೆದು ನಿಂತಿದ್ದ. ಕಣಿವೆಗೆ ಕಣಿವೆಯೇ ಸೇರಿತ್ತು.

ಹಾಪ್ಕಿನ್ ಕಲ್ಲಿನ ಮುಂದೆ ನಿಂತು ಹೆಸರುಗಳನ್ನು ಓದಿದ. ಒಂದೊಂದು ಹೆಸರಿಗೂ ಯಾರಾದರೊಬ್ಬಳು ಬಿಕ್ಕುತ್ತಿದ್ದಳು. ತನ್ನ ಮಗನ ಹೆಸರು ಬಂದಾಗ ಹಾಪ್ಕಿನ್ ನಿಂತು, ಉಸಿರೆಳೆದು, ಮುಂದೆ ಹೋದ. ಆಮೇಲೆ ಗಟ್ಟಿಯಾಗಿ, "ಇಡ್ವಲ್ ಬೆವನ್" ಎಂದ.

ಬೋಪಾ ಮಾರ್ಗೆಡ್ ಅಳಲಿಲ್ಲ. ಯಾರೋ ಕರೆದ ಹಾಗೆ ತಲೆ ತಿರುಗಿಸಿ ಮೈದಾನದ ಆ ಮೂಲೆಯ ಕಡೆ ನೋಡಿದಳು. ಯಾರನ್ನೂ ನಂಬದ ನಾನೂ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.